ಎರಡನೇ ದನಿ ಯಾರದು?

(ಹಾನಗಲ್ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಡೆದ ಎನ್‌ಎಸ್‌ಎಸ್ ಶಿಬಿರದಲ್ಲಿ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮೈಕ್ ಕೈಕೊಟ್ಟಾಗ ಕೂಗಿ ಹೇಳಿದ್ದನ್ನು ಬಿಟ್ಟಿದ್ದೇನೆ, ಅದು ನನಗೇ ಸರಿಯಾಗಿ ಕೇಳಿಸಿರಲಿಲ್ಲ.)

ಎಲ್ಲರಿಗೂ ನಮಸ್ಕಾರ. ಊಟ ಆಗಿದೆ, ಮೇಲೆ ಫ್ಯಾನಿಲ್ಲ, ನಿದ್ದೆ ಬಂದರೆ ಬೇಜಾರಿಲ್ಲ. ಗೊರಕೆ ಮಾತ್ರ ಬೇಡ.

ನಿಮ್ಮ ಮಾಸ್ತರು ನನಗೆ ಕೊಟ್ಟ ವಿಷಯ ‘ಅನ್ಯಾಯದ ವಿರುದ್ಧದ ಹೋರಾಟದಲ್ಲಿ ಯುವಜನರ ಪಾತ್ರ’. ಬ್ಯಾನರಿನ ಮೇಲೂ ಹಾಗೇ ಇದೆ. ಮೊದಲೇ ಹೇಳಿಬಿಡುತ್ತೇನೆ, ನಾನು ಹೋರಾಟಗಾರ ಅಲ್ಲ. ತಹಶೀಲ್ದಾರ್ ಕಚೇರಿ ಎದುರಿಗೆ ಟೇಬಲ್ ಹಾಕಿಕೊಂಡು ಜನರಿಗೆ ಅರ್ಜಿ ಬರೆದುಕೊಡುತ್ತಾ ಹೊಟ್ಟೆ ಹೊರೆದವನು. ಮೊದಲು ಟೈಪ್‌ರೈಟರ್, ಆಮೇಲೆ ಕಂಪ್ಯೂಟರ್. ಹಾಗೆ ಕೂತವರಿಗೆ ಒಂದು ಅನುಕೂಲ ಇದೆ. ಅನ್ಯಾಯ ಆದವರೂ ನಮ್ಮ ಹತ್ತಿರವೇ ಬರುತ್ತಾರೆ, ಅನ್ಯಾಯ ಮಾಡಿದವರೂ ಬರುತ್ತಾರೆ. ಇಬ್ಬರಿಗೂ ಅರ್ಜಿ ಬೇಕಲ್ಲ!

ಅಷ್ಟೊಂದು ಅರ್ಜಿ ಬರೆದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿರೋದು ಒಂದೇ. ನಮ್ಮ ಕಡೆ ಮೊದಲು ಬಾಯಿ ಬಿಡೋರಿಗೆ ಬರ ಇಲ್ಲ. ಧಾರವಾಡ ಜಿಲ್ಲೆ ತಗೊಳ್ಳಿ, ಗದಗ ತಗೊಳ್ಳಿ, ಈ ಹಾವೇರಿ ಸೀಮೆ ತಗೊಳ್ಳಿ, ಇಲ್ಲಿಯ ಜನ ಮಾತಲ್ಲಿ ಹಿಂದೆ ಬೀಳೋರೇ ಅಲ್ಲ. ಎದುರಿಗಿರೋರು ಯಾರೇ ಇರಲಿ, ಬಿಸಿ ಹತ್ತಿದರೆ ಅಂದೇ ಬಿಡುತ್ತಾರೆ. ಬರ ಇರೋದು ಎರಡನೆಯವರಿಗೆ. ಒಬ್ಬ ಎದ್ದು ‘ಇದು ಸರಿ ಅಲ್ಲರೀ’ ಅಂದ ಕೂಡಲೇ ಪಕ್ಕದಲ್ಲಿರುವವನು ‘ಹೌದ್ರೀ, ಅಂವ ಹೇಳೂದು ಖರೇ ಐತಿ’ ಅನ್ನಬೇಕಲ್ಲ, ಆ ಮನುಷ್ಯ ಸಿಗೋದಿಲ್ಲ. ಮನೆಗೆ ಹೋಗಿ ಹೆಂಡತಿ ಮುಂದೆ ಹೇಳುತ್ತಾನೆ, ಚಹಾದ ಅಂಗಡಿಯಲ್ಲಿ ಹೇಳುತ್ತಾನೆ, ಸ್ಟೇಟಸ್ಸಿಗೂ ಹಾಕುತ್ತಾನೆ. ಹೇಳಬೇಕಾದ ಆ ಅರ್ಧ ನಿಮಿಷದಲ್ಲಿ ಮಾತ್ರ ಹೇಳೋದಿಲ್ಲ.

ಹುಬ್ಬಳ್ಳಿಯಲ್ಲಿ ನಾನು ಕಣ್ಣಾರೆ ನೋಡಿದ ಒಂದು ರೇಷನ್ ಅಂಗಡಿ. ಯಾವುದು ಅಂತ ಕೇಳಬೇಡಿ. ತಿಂಗಳ ಕೊನೆ, ಸಾಲು ಗಟಾರದ ತನಕ ಬಂದಿತ್ತು. ಹೆಬ್ಬೆಟ್ಟು ಒತ್ತುವ ಮಷೀನು ಒಂದು ಕಡೆ, ತೂಕದ ಯಂತ್ರ ಇನ್ನೊಂದು ಕಡೆ, ನಡುವೆ ಒಂದು ತಗಡಿನ ಡಬ್ಬಿ. ಅಕ್ಕಿ ಪುಕ್ಕಟೆ. ಆದರೂ ಹೆಬ್ಬೆಟ್ಟು ಒತ್ತಿದವರೆಲ್ಲ ಆ ಡಬ್ಬಿಗೆ ಒಂದೊಂದು ಇಪ್ಪತ್ತರ ನೋಟು ಹಾಕಿ ಮುಂದೆ ಹೋಗುತ್ತಿದ್ದರು. ಒಬ್ಬ ಮುದುಕಿ ಬಂದಳು. ಬೆರಳು ಸವೆದು ಹೋಗಿ ಮಷೀನಿಗೆ ಹತ್ತುತ್ತಲೇ ಇರಲಿಲ್ಲ, ಮತ್ತೆ ಮತ್ತೆ ಸೆರಗಿಗೆ ಒರೆಸಿ ಒತ್ತಿದ ಮೇಲೆ ಹತ್ತಿತು. ಆಕೆ ಕೇಳಿದಳು, ‘ಯಪ್ಪಾ, ಇಪ್ಪತ್ತ ರೂಪಾಯಿ ಯಾತಕ್ಕ?’

‘ಸರ್ವರ್ ಖರ್ಚ ಬೇ, ಹಮಾಲಿ ಖರ್ಚ. ಬ್ಯಾಡಾದ್ರ ಸರದ ನಿಲ್ಲ ಅತ್ಲಾಗ.’

ಸಾಲಿನಲ್ಲಿ ಎಲ್ಲರೂ ಮೊಬೈಲ್ ನೋಡಿಕೊಂಡರು. ಹಿಂದಿನವನೊಬ್ಬ ‘ಲಗೂನ ಕೊಟ್ಟು ನಡೀ ಬೇ, ಹಿಂದ ಮಂದಿ ಅದಾರ’ ಅಂದ. ಇದನ್ನು ಸ್ವಲ್ಪ ಗಮನಿಸಿ. ಆಕೆಯ ಬಾಯಿ ಮುಚ್ಚಿಸಿದ್ದು ಬರೀ ಅಂಗಡಿಯವನಲ್ಲ. ಅದೇ ಇಪ್ಪತ್ತು ರೂಪಾಯಿ ಕಳೆದುಕೊಳ್ಳಲು ಸಾಲಿನಲ್ಲಿ ನಿಂತಿದ್ದವನೂ ಅಂಗಡಿಯವನ ಪರವಾಗಿಯೇ ಮಾತಾಡಿದ.

ಆಮೇಲೆ ಒಬ್ಬ ಹೆಣ್ಣುಮಗಳು ಮುಂದೆ ಬಂದಳು. ಖಾನಾವಳಿಗೆ ರೊಟ್ಟಿ ಬಡಿದುಕೊಡುವಾಕೆ, ಮುಂಗೈಗೆ ಇನ್ನೂ ಜೋಳದ ಹಿಟ್ಟು ಅಂಟಿತ್ತು. ಜಗಳ ಇಲ್ಲ, ಏರುದನಿ ಇಲ್ಲ. ‘ಅಣ್ಣಾರ, ಆಯೀದೂ ನಾನಽ ಕೊಡ್ತೇನಿ, ನಂದೂ ಕೊಡ್ತೇನಿ. ನಲವತ್ತು ರೂಪಾಯಿಗೆ ಪಾವತಿ ಹರದು ಕೊಡ್ರಿ’ ಅಂದಳು. ಅವನು ‘ಪಾವತಿ ಎಲ್ಲೀದಬೇ ತಂಗಿ’ ಅಂದ. ‘ಹಂಗಾದ್ರ ಇಬ್ಬರದೂ ಬಿಡ್ರಿ.’ ಅಷ್ಟೇ. ಆಕೆಯ ಹಿಂದಿನಾಕೆಯೂ ಪಾವತಿ, ಅಂದರೆ ರಸೀದಿ, ಕೇಳಿದಳು, ಅದರ ಹಿಂದಿನವನೂ ಕೇಳಿದ. ಲಗೂನ ನಡೀ ಅಂದಿದ್ದನಲ್ಲ, ಅವನೂ ಕೇಳಿದ! ಅವತ್ತು ಮುಂದೆ ಆ ಡಬ್ಬಿಗೆ ರೊಕ್ಕ ಬೀಳಲಿಲ್ಲ.

ಅಂಗಡಿಯವನೇನು ಹರಿಶ್ಚಂದ್ರ ಆಗಲಿಲ್ಲ. ಮುಂದೆ ಹತ್ತು ರೂಪಾಯಿಗೆ ಇಳಿದ, ಅದೂ ಒಬ್ಬೊಬ್ಬರೇ ಬಂದವರ ಹತ್ತಿರ. ನಾನು ಇದನ್ನು ಗೆದ್ದ ಕತೆ ಅಂತ ಹೇಳುತ್ತಿಲ್ಲ. ಮುದುಕಿ ಕೇಳಿದ್ದೂ ಅದನ್ನೇ, ರೊಟ್ಟಿಯಾಕೆ ಕೇಳಿದ್ದೂ ಅದನ್ನೇ. ಒಬ್ಬಳೇ ಕೇಳಿದಾಗ ಅದು ಮುದುಕಿಯ ಕಿರಿಕಿರಿ ಆಗಿತ್ತು. ಇಬ್ಬರು ಕೇಳಿದ ಕೂಡಲೇ ಅಂಗಡಿಯವನು ಉತ್ತರ ಕೊಡಬೇಕಾಯಿತು. ಅಂದಹಾಗೆ, ರೇಷನ್ ತಕರಾರಿಗೆ 1967 ಅನ್ನೋ ಪುಕ್ಕಟೆ ಫೋನ್ ನಂಬರ್ ಇದೆ, 2013ರ ಆಹಾರ ಭದ್ರತಾ ಕಾಯಿದೆ ಪ್ರಕಾರ ಪ್ರತಿ ನ್ಯಾಯಬೆಲೆ ಅಂಗಡಿಯ ಮೇಲೆ ನಿಗಾ ಇಡಲು ಜಾಗೃತ ಸಮಿತಿ ಇರಬೇಕು. ನಿಮ್ಮ ಊರಿನ ಅಂಗಡಿಗೆ ಆ ಸಮಿತಿ ಇದೆಯಾ, ಅದರಲ್ಲಿ ಯಾರಿದ್ದಾರೆ, ವಿಚಾರಿಸಿ. ಸುಮ್ನೆ ವಿಚಾರಿಸಿದರೂ ಸಾಕು, ಸುದ್ದಿ ತಾನಾಗಿ ಅಂಗಡಿ ಮುಟ್ಟುತ್ತದೆ.

ಈಗ ಇದಕ್ಕಿಂತ ಕಷ್ಟದ್ದು. ರೇಷನ್ ಸಾಲಿನಲ್ಲಿ ಎಲ್ಲರಿಗೂ ಒಂದೇ ನಷ್ಟ. ನಮಗೆ ನಷ್ಟವೇ ಇಲ್ಲದ ಕಡೆ, ಅಥವಾ ನಮಗೆ ಲಾಭ ಇರೋ ಕಡೆ ಏನು ಮಾಡೋದು?

ಗದಗ ಜಿಲ್ಲೆಯ ಒಂದು ಊರು, ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲ್ಲು. ಮಿರ್ಚಿ ಭಜಿ ಚಲೋ ಮಾಡುತ್ತಾರೆ, ಅದಕ್ಕೇ ಹೋಗಿದ್ದೆ. ಒಳಗೆ ಕೂತ ನಮಗೆಲ್ಲ ಗಾಜಿನ ಗ್ಲಾಸಿನಲ್ಲಿ ಚಹಾ. ಹೊರಗಿನ ಕಟ್ಟೆ ಮೇಲೆ ಕೂತ ಇಬ್ಬರಿಗೆ ಮಾತ್ರ ಪೇಪರ್ ಕಪ್ಪು. ಮೊದಲ ನೋಟಕ್ಕೆ ಇದು ಏನೂ ಅಲ್ಲ, ಅಲ್ವಾ? ಕೇಳಿದರೆ ‘ಹೊರಗ ಒಯ್ಯೋರಿಗೆ ಕಪ್ರೀ’ ಅನ್ನುತ್ತಾರೆ. ಆದರೆ ಹೊರಗೇ ನಿಂತು ಬೀಡಿ ಸೇದುತ್ತಿದ್ದ ಇನ್ನೊಬ್ಬನ ಕೈಯಲ್ಲಿ ಗಾಜಿನ ಗ್ಲಾಸೇ ಇತ್ತು. ಕಟ್ಟೆ ಮೇಲಿನ ಇಬ್ಬರು ದಲಿತರ ಓಣಿಯವರು. ಮೊದಲಿನ ಕಾಲದಲ್ಲಿ ಅವರ ಗ್ಲಾಸು ಬೇರೆ ಇಡುತ್ತಿದ್ದರು, ಅವರೇ ತೊಳೆದು ಇಡಬೇಕಿತ್ತು. ಅದು ಕಣ್ಣಿಗೆ ಕಾಣುತ್ತಿತ್ತು, ಕೇಸ್ ಆಗುತ್ತಿತ್ತು. ಈಗ ಪೇಪರ್ ಕಪ್ಪು ಬಂದು ಎಲ್ಲರಿಗೂ ಅನುಕೂಲ ಮಾಡಿಕೊಟ್ಟಿದೆ. ಕುಡಿದು ಬಿಸಾಕಿದರೆ ಸಾಕ್ಷಿಯೂ ಹೋಯಿತು.

ಅಲ್ಲಿ ಒಬ್ಬ ರಿಟೈರ್ಡ್ ಮಾಸ್ತರು ಕೂತಿದ್ದರು. ಊರಿನ ದೊಡ್ಡ ಮನೆತನದವರು ಅಂತ ಆಮೇಲೆ ಗೊತ್ತಾಯಿತು. ಹುಡುಗ ಚಹಾ ತಂದಾಗ ಅವರು ‘ನನಗೂ ಕಾಗದದ ಕಪ್ಪನ್ಯಾಗ ಕೊಡಪಾ’ ಅಂದರು. ಹುಡುಗ ತಬ್ಬಿಬ್ಬು. ಮಾಲೀಕ ಗಲ್ಲಾ ಬಿಟ್ಟು ಎದ್ದು ಬಂದ, ‘ಯಾಕ್ರೀ ಸರ, ಗ್ಲಾಸ್ ಸ್ವಚ್ಛ ಇಲ್ಲೇನ್ರಿ?’ ಮಾಸ್ತರು ‘ಗ್ಲಾಸ್ ಸ್ವಚ್ಛ ಅದಾವ. ಕೊಟ್ರ ಎಲ್ಲಾರಿಗೂ ಅದರಾಗಽ ಕೊಡು, ಇಲ್ಲಂದ್ರ ಎಲ್ಲಾರಿಗೂ ಇದರಾಗಽ ಕೊಡು’ ಅಂದರು. ಹೋಟೆಲ್ಲಿನಲ್ಲಿ ಭಜಿ ಕರಿಯೋ ಸಪ್ಪಳ ಬಿಟ್ಟರೆ ಬೇರೆ ಸಪ್ಪಳ ಇಲ್ಲ.

ಕಟ್ಟೆ ಮೇಲಿನ ಇಬ್ಬರು ಅದೇ ಮಾತು ಆಡಿದ್ದರೆ ಏನಾಗುತ್ತಿತ್ತು? ಮೊದಲು ಬೈಗುಳ. ಆಮೇಲೆ ಕೂಲಿ ಇಲ್ಲ, ಕಿರಾಣಿ ಅಂಗಡಿಯಲ್ಲಿ ಉದ್ರಿ ಇಲ್ಲ, ಹಿಟ್ಟಿನ ಗಿರಣಿಯಲ್ಲಿ ಜೋಳ ಬೀಸಿಕೊಡಲ್ಲ. ಮಾಸ್ತರಿಗೆ ಏನಾಯಿತು? ಪೆನ್ಷನ್ ಅಂತೂ ನಿಲ್ಲಲಿಲ್ಲ. ನಾಲ್ಕು ಜನ ಮುಖ ತಿರುಗಿಸಿರಬಹುದು. ಬೆಲೆ ಎಲ್ಲರಿಗೂ ಒಂದೇ ಇರೋದಿಲ್ಲ, ಕಡಿಮೆ ಬೆಲೆ ತೆರುವವರು ಮೊದಲು ಮಾತಾಡಬೇಕು. ನನ್ನ ಲೆಕ್ಕ ಇದು. ಕಟಿಂಗ್ ಅಂಗಡಿಯಲ್ಲೂ ಹೀಗೇ. ಎಷ್ಟೋ ಊರಲ್ಲಿ ಇವತ್ತಿಗೂ ದಲಿತರ ಹುಡುಗರು ಕಟಿಂಗ್ ಮಾಡಿಸಲು ಪಕ್ಕದ ಊರಿಗೆ ಹೋಗುತ್ತಾರೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆ ಇಲ್ಲ ಅಂದಿತು, 1955ರಲ್ಲಿ ಕಾಯಿದೆ ಬಂತು, 1989ರಲ್ಲಿ ಇನ್ನೂ ಗಟ್ಟಿ ಕಾಯಿದೆ ಬಂತು. ಆದರೆ ಕುರ್ಚಿ ಮೇಲೆ ಅರ್ಧ ಗಡ್ಡ ಕೆರೆಸಿಕೊಂಡು ಕೂತ ಗಿರಾಕಿ ‘ಅವನಿಗೂ ಮಾಡು, ಇಲ್ಲಾಂದ್ರ ನಾನೂ ಏಳ್ತೇನಿ’ ಅಂದರೆ ಅವತ್ತೇ ಕೆಲಸ ಆಗುತ್ತದೆ. ಅಂಗಡಿಯವನೂ ಬಡವ, ಅವನಿಗೆ ಊರಿನ ದೊಡ್ಡವರ ಹೆದರಿಕೆ. ಅವನ ಮೇಲೆ ಕೇಸ್ ಹಾಕಿಸಿ ದೊಡ್ಡವರು ಪಾರಾಗೋದನ್ನೂ ನಾನು ನೋಡಿದ್ದೇನೆ.

ಇಷ್ಟು ಸಣ್ಣ ಮಾತೇ ಯಾಕೆ, ದೊಡ್ಡ ಹೋರಾಟಗಳ ಬಗ್ಗೆ ಹೇಳಿ ಅಂತ ನಿಮ್ಮ ಮಾಸ್ತರು ಸನ್ನೆ ಮಾಡುತ್ತಿದ್ದಾರೆ. ಹೇಳುತ್ತೇನೆ ಸರ್. ಅದಕ್ಕೆ ದೂರ ಹೋಗೋದೇ ಬೇಡ, ಇದೇ ತಾಲ್ಲೂಕಿನ ಕುಸನೂರು ಇದೆ.

ನಿಮ್ಮಲ್ಲಿ ಎಷ್ಟು ಜನಕ್ಕೆ ಕುಸನೂರಿನ ಸಂಗತಿ ಗೊತ್ತು? ಎರಡೇ ಕೈ. ಅದರಲ್ಲೊಬ್ಬ ಅದೇ ಊರಿನವನು. 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಅಂತ ಒಂದು ಕಂಪನಿ ಶುರುವಾಯಿತು. ಸರ್ಕಾರ ಮತ್ತು ಮರದಿಂದ ತಿರುಳು ತೆಗೆಯುವ ಹರಿಹರದ ಪಾಲಿಫೈಬರ್ಸ್ ಕಾರ್ಖಾನೆ ಕೂಡಿ ಮಾಡಿದ್ದು. ಕಾರ್ಖಾನೆಗೆ ನೀಲಗಿರಿ ಬೆಳೆಯೋಕೆ ಅಂತ ಸುಮಾರು 30 ಸಾವಿರ ಹೆಕ್ಟೇರ್ ಜಮೀನು ಕೊಡುವ ಯೋಜನೆ. ಯಾರ ಜಮೀನು? ಕಾಗದದಲ್ಲಿ ಸರ್ಕಾರದ್ದು. ದನ ಮೇಯುತ್ತಿದ್ದದ್ದು, ಪುಳ್ಳೆ ಕಟ್ಟಿಗೆ ಆರಿಸುತ್ತಿದ್ದದ್ದು, ಮನೆಗೆ ಬೇಕಾದ ಗಳ, ಸೊಪ್ಪು ತರುತ್ತಿದ್ದದ್ದು ಊರಿನ ಜನ. ನೀಲಗಿರಿ ಎಲೆಯನ್ನು ಆಡು ಕೂಡ ಮೂಸೋದಿಲ್ಲ.

ಜನ ಏನು ಮಾಡಿದರು ಅಂದರೆ, 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಸೇರಿ, ನೀಲಗಿರಿ ಸಸಿ ಕಿತ್ತು ಅದೇ ಜಾಗದಲ್ಲಿ ಊರಿಗೆ ಬೇಕಾದ ಗಿಡಗಳ ಸಸಿ ಹಚ್ಚಿದರು. ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಅಂತಲೇ ಅದಕ್ಕೆ ಹೆಸರು. ಗುಟ್ಟಾಗಿ ರಾತ್ರಿ ಕಿತ್ತಿದ್ದಲ್ಲ. ಮೊದಲೇ ಹೇಳಿ, ಹಗಲು ಹೊತ್ತಿನಲ್ಲಿ ಕಿತ್ತಿದ್ದು. ಇದರ ಬೆನ್ನಿಗೆ ಧಾರವಾಡದ ಸಮಾಜ ಪರಿವರ್ತನ ಸಮುದಾಯ ಅನ್ನೋ ಸಂಘಟನೆ ಇತ್ತು, ಅದರ ಮುಂದಾಳು ಎಸ್.ಆರ್. ಹಿರೇಮಠರು ಇದ್ದರು. ಸುಪ್ರೀಂ ಕೋರ್ಟಿಗೆ ಹಾಕಿದ ಅರ್ಜಿಯಲ್ಲಿ ಶಿವರಾಮ ಕಾರಂತರ ಹೆಸರೂ ಇತ್ತು. 1991ರಲ್ಲಿ ಕಂಪನಿ ಮುಚ್ಚಿತು.

ಇಲ್ಲಿ ಕಾರಂತರನ್ನು ನೋಡಿ. ಅವರು ದಕ್ಷಿಣ ಕನ್ನಡದವರು. ಹಾನಗಲ್ಲಿನ ಗೋಮಾಳದಲ್ಲಿ ಅವರ ಒಂದು ಆಕಳೂ ಮೇಯುತ್ತಿರಲಿಲ್ಲ. ಜ್ಞಾನಪೀಠ ಬಂದು ಹತ್ತು ವರ್ಷ ಆಗಿತ್ತು, ವಯಸ್ಸು ಎಂಬತ್ತು ದಾಟಿತ್ತು. ಕುಸನೂರಿನ ಜನ ಮೊದಲ ದನಿ. ಕಾರಂತರಂಥವರು ಎರಡನೆಯದು. ಆ ಹೆಸರು ಇದ್ದದ್ದಕ್ಕೆ ಇದು ಎಲ್ಲೋ ಹಳ್ಳಿಯವರ ತಕರಾರು ಅಂತ ತಳ್ಳಿಹಾಕೋದು ಕಷ್ಟವಾಯಿತು.

ಗದಗಿನ ಕಡೆ ಹಳ್ಳಿಗುಡಿಯಲ್ಲೂ ಹೀಗೇ ಆಯಿತು. ಮುಂಡರಗಿ ತಾಲ್ಲೂಕು. ಪೋಸ್ಕೋ ಕಂಪನಿಯ ಉಕ್ಕಿನ ಕಾರ್ಖಾನೆ ಬರುತ್ತದೆ, 32 ಸಾವಿರ ಕೋಟಿ ರೂಪಾಯಿ, ಉದ್ಯೋಗ, ಎಲ್ಲ ಹೇಳಿದರು. ಜಮೀನು ಕೊಡೋಲ್ಲ ಅಂತ ಎದ್ದವರು ರೈತರು. ಎಲ್ಲರೂ ಅಲ್ಲ, ಕೊಡೋಣ ಅನ್ನೋರೂ ಇದ್ದರು, ಅವರನ್ನು ನಾನು ಬೈಯೋದಿಲ್ಲ, ಮಳೆ ನಂಬಿದ ಒಕ್ಕಲುತನ ಎಷ್ಟು ಕಷ್ಟ ಅಂತ ನಮಗೆ ಗೊತ್ತಿದೆ. ಆಗ ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ರೈತರ ಜೊತೆ ನಿಂತರು. ಮಠದ ಸ್ವಾಮಿಗಳಿಗೆ ಸರ್ಕಾರ ಬೇಕಾಗುತ್ತದೆ, ಕಂಪನಿಯವರೂ ಬೇಕಾಗುತ್ತಾರೆ, ಶಾಲೆ ಕಾಲೇಜು ನಡೆಸೋರು ನೋಡಿ. ಆದರೂ ನಿಂತರು. 2011ರ ಜುಲೈನಲ್ಲಿ ಸರ್ಕಾರ ಆ ಯೋಜನೆ ಕೈಬಿಟ್ಟಿತು. ಮುಂದೆ ಅದೇ ಗದಗ ಜಿಲ್ಲೆಯ ಬೆಟ್ಟಸಾಲು ಕಪ್ಪತಗುಡ್ಡದ ವಿಚಾರದಲ್ಲೂ ಸ್ವಾಮೀಜಿ ಸುಮ್ಮನಿರಲಿಲ್ಲ. ಸರ್ಕಾರದವರು 2015ರಲ್ಲಿ ಆ ಗುಡ್ಡವನ್ನು ಸಂರಕ್ಷಿತ ಪ್ರದೇಶ ಅಂದರು, 2016ರಲ್ಲಿ ಅದನ್ನು ವಾಪಸ್ ತಗೊಂಡರು, ಜನ ಬೀದಿಗೆ ಬಂದ ಮೇಲೆ 2017ರಲ್ಲಿ ಮತ್ತೆ ಕೊಟ್ಟರು, 2019ರಲ್ಲಿ ವನ್ಯಜೀವಿಧಾಮ ಆಯಿತು. ಅಷ್ಟರಲ್ಲಿ ಸ್ವಾಮೀಜಿ ಇರಲಿಲ್ಲ, 2018ರಲ್ಲೇ ಹೋಗಿದ್ದರು.

ಎರಡನೆಯವರು ಬಾರದಿದ್ದರೆ ಏನಾಗುತ್ತದೆ ಅನ್ನೋದಕ್ಕೂ ನಮ್ಮಲ್ಲೇ ಕತೆ ಇದೆ. ನರಗುಂದ, ನವಲಗುಂದ, 1980. ಮಲಪ್ರಭಾ ಕಾಲುವೆ ಬಂತು, ನೀರಿನ ಜೊತೆಗೆ ಬೆಟರ್‌ಮೆಂಟ್ ಲೆವಿ ಅಂತ, ಅಂದರೆ ನೀರಾವರಿಯಿಂದ ಜಮೀನು ಸುಧಾರಿಸಿತು ಅಂತ ಹಾಕುವ ಕರವೂ ಬಂತು. ನೀರು ಮುಟ್ಟದ ಹೊಲಕ್ಕೂ ಕರ, ನೀರು ನಿಂತು ಜವಳಾದ ಹೊಲಕ್ಕೂ ಕರ. ರೈತರು ಮೊದಲ ದಿನವೇ ಕಲ್ಲು ಹಿಡಿಯಲಿಲ್ಲ. ಮನವಿ ಕೊಟ್ಟರು, ಸಮಿತಿ ಮಾಡಿಕೊಂಡರು, ಮೆರವಣಿಗೆ ಮಾಡಿದರು, ಕಚೇರಿ ಮುಂದೆ ಕೂತರು. ಕೇಳಿಸಿಕೊಳ್ಳೋರು ಯಾರೂ ಇರಲಿಲ್ಲ. ಜುಲೈ 21ರಂದು ಗೋಲಿಬಾರ್ ಆಯಿತು, ರೈತರು ಸತ್ತರು, ಪೊಲೀಸರ ಕಡೆಯೂ ಜೀವ ಹೋಯಿತು. ರಾಜ್ಯ ರೈತ ಸಂಘ ಹುಟ್ಟಿದ್ದು ಆ ಬೆಂಕಿಯಿಂದ. ಈಗ ಪ್ರತಿ ವರ್ಷ ಅವತ್ತು ಎಲ್ಲ ಪಕ್ಷದವರೂ ಬಂದು ಹಾರ ಹಾಕುತ್ತಾರೆ. ಆ ಮನವಿಗಳು ಟಪಾಲಿನಲ್ಲಿ ಬಿದ್ದಿದ್ದಾಗ ಇವರಲ್ಲಿ ನಾಲ್ಕು ಜನ ಬಂದು ಪಕ್ಕದಲ್ಲಿ ನಿಂತಿದ್ದರೆ ಹಾರದ ಖರ್ಚೇ ಇರುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ. ಸ್ವಲ್ಪ ಕಟುವಾಯಿತೇನೋ, ಇರಲಿ.

ಟಪಾಲು ಅಂದೆನಲ್ಲ, ಅಲ್ಲಿಗೇ ಬರೋಣ. ಇದು ನನ್ನ ಕಸಬು, ಇದರ ಬಗ್ಗೆ ಧೈರ್ಯವಾಗಿ ಹೇಳಬಲ್ಲೆ.

ಬಾಯಿ ಮಾತಿನಲ್ಲಿ ತಕರಾರು ಹೇಳಿ ಬರಬೇಡಿ. ‘ಸಾಹೇಬರಿಗೆ ಹೇಳೇವಿ, ನೋಡೂಣು ಅಂದಾರ’ ಅಂತ ಎಷ್ಟು ಜನ ನನ್ನ ಮುಂದೆ ಕೂತು ಹೇಳಿದ್ದಾರೋ! ಸಾಹೇಬರು ವರ್ಗ ಆಗಿ ಹೋಗುತ್ತಾರೆ, ಜೊತೆಗೆ ನಿಮ್ಮ ಮಾತೂ ಹೋಗುತ್ತದೆ. ಬರೆದು ಕೊಡಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಟಪಾಲು ವಿಭಾಗದ ಸಿಕ್ಕಾ ಮತ್ತು ತಾರೀಖು ಹಾಕಿಸಿಕೊಳ್ಳಿ. ‘ಸಿಕ್ಕಾ ಇಲ್ಲ, ಇಟ್ಟು ಹೋಗ್ರಿ’ ಅಂದರೆ ಇಟ್ಟು ಹೋಗಬೇಡಿ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರದಂಥ ಕೆಲಸಕ್ಕೆ ಸಕಾಲದ, ಅಂದರೆ ಇಂತಿಷ್ಟು ದಿನದೊಳಗೆ ಸರ್ಕಾರಿ ಸೇವೆ ಕೊಡಬೇಕು ಅನ್ನೋ ವ್ಯವಸ್ಥೆಯ, 15 ಅಂಕಿಯ ನಂಬರ್ ಬಿಡದೆ ಕೇಳಿ. 2011ರ ಆ ಕಾಯಿದೆ ಪ್ರಕಾರ ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ನಿಮಗೆ ಪರಿಹಾರ ಕೊಡಬೇಕು. ಆ ರೊಕ್ಕ ದೊಡ್ಡದಲ್ಲ, ಆದರೆ ನಂಬರ್ ಇದ್ದ ಅರ್ಜಿ ಸುಲಭಕ್ಕೆ ಕಳೆದುಹೋಗೋದಿಲ್ಲ.

ಮಾಹಿತಿ ಹಕ್ಕು ನಿಮಗೆ ಗೊತ್ತೇ ಇದೆ. 2005ರ ಕಾಯಿದೆ, ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಬಿಪಿಎಲ್ ಕಾರ್ಡ್ ಇದ್ದವರಿಗೆ ಶುಲ್ಕ ಇಲ್ಲ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ. ಇದನ್ನು ತಿಳಿಯದೆ ನಾಲ್ಕು ಪುಟ ಬರೆದು, ನಡುವೆ ಸಿಟ್ಟೆಲ್ಲ ತೋಡಿಕೊಂಡು ಕಳಿಸುತ್ತಾರೆ, ಅದು ಹಾಗೇ ವಾಪಸ್ ಬರುತ್ತದೆ. ಸಿಟ್ಟು ಬೇಡ, ಪ್ರಶ್ನೆ ಬರೆಯಿರಿ. ‘ನಮ್ಮ ವಾರ್ಡಿನ ಗಟಾರ ಯಾಕೆ ಮಾಡಿಲ್ಲ’ ಅಂತ ಕೇಳಿದರೆ ಉತ್ತರ ಬರೋದಿಲ್ಲ. ‘ಇಂಥ ಗಟಾರದ ಕಾಮಗಾರಿಯ ಅಳತೆ ಪುಸ್ತಕದ ಪ್ರತಿ ಕೊಡಿ’ ಅಂತ ಕೇಳಿ. ಗಟಾರ ಎಷ್ಟು ಉದ್ದ ಆಗಿದೆ ಅಂತ ಅಲ್ಲಿ ಬರೆದಿರುತ್ತಾರೆ, ಟೇಪು ಹಿಡಿದು ನೀವೂ ಅಳೆಯಬಹುದು. ಹುಬ್ಬಳ್ಳಿ-ಧಾರವಾಡದಲ್ಲಿ 82 ವಾರ್ಡ್ ಇವೆ, ವಾರ್ಡಿಗೆ ಇಬ್ಬರು ಹೀಗೆ ಟೇಪು ಹಿಡಿದರೂ ಸಾಕಿತ್ತು.

ಇಲ್ಲೂ ಒಬ್ಬರೇ ಹಾಕಬೇಡಿ. ಮಾಹಿತಿ ಕೇಳಿದವರ ಮೇಲೆ ಹಲ್ಲೆ ಆಗಿವೆ, ಕೊಲೆಗಳೂ ಆಗಿವೆ, ಇದನ್ನು ಮುಚ್ಚಿಟ್ಟು ನಿಮ್ಮನ್ನು ಹುರಿದುಂಬಿಸೋದು ಸರಿ ಅಲ್ಲ. ಅದೇ ಪ್ರಶ್ನೆಯನ್ನು ಮೂವರು ಬೇರೆ ಬೇರೆ ಹಾಕಿ, ಒಬ್ಬರು ಧಾರವಾಡದಿಂದ, ಒಬ್ಬರು ಗದಗಿನಿಂದ. ಆಗ ಒಬ್ಬರನ್ನು ಹೆದರಿಸಿ ಪ್ರಯೋಜನ ಇಲ್ಲ. ಇನ್ನು ಮಾಹಿತಿ ಅರ್ಜಿ ಹಾಕಿ, ಆಮೇಲೆ ಗುತ್ತಿಗೆದಾರನ ಹತ್ತಿರ ರೊಕ್ಕ ತಗೊಂಡು ಸುಮ್ಮನಾಗೋ ಮಂದಿ ಇದ್ದಾರೆ. ನನ್ನ ಟೇಬಲ್ಲಿಗೂ ಬಂದಿದ್ದಾರೆ, ಎಬ್ಬಿಸಿ ಕಳಿಸಿದ್ದೇನೆ. ಅವರಿಂದ ನಿಜವಾಗಿ ಕೇಳೋರ ಮರ್ಯಾದೆ ಹೋಗುತ್ತದೆ.

ನೀವು ಓದೋರು, ಪರೀಕ್ಷೆ ಇರುತ್ತದೆ, ಕೇಸಿನಲ್ಲಿ ಸಿಕ್ಕಿದರೆ ನೌಕರಿಗೆ ತೊಂದರೆ, ಎಲ್ಲ ಗೊತ್ತು. ಹಾಗಾಗಿ ಕಲ್ಲು ಎಸೆಯಿರಿ, ರಸ್ತೆ ತಡೆಯಿರಿ ಅಂತ ನಾನು ಹೇಳೋದಿಲ್ಲ. ಗ್ರಾಮಸಭೆಗೆ ಹೋಗಿ ಕೂತುಕೊಳ್ಳಿ. ಅಲ್ಲಿ ಯಾವಳೋ ಅಜ್ಜಿ ಎದ್ದು ‘ನನ್ನ ಪೆನ್ಷನ್ ಬಂದಿಲ್ಲ’ ಅಂತಾಳೆ, ‘ಆಮ್ಯಾಲ ಹೇಳ್ತೇವಿ, ಕುಂದರು’ ಅಂತಾರೆ. ಆಗ ನೀವು ಎದ್ದು ‘ಆಮ್ಯಾಲ ಅಂದ್ರ ಯಾವಾಗ್ರಿ? ಅದನ್ನ ಠರಾವ ಪುಸ್ತಕದಾಗ ಬರೀರಿ’ ಅನ್ನಿ. ಒಂದು ಕೂಲಿ ಕಳೆದುಕೊಂಡು ಬಂದಿರುವ ಅಜ್ಜಿಗೆ ಅಷ್ಟು ಬೆಂಬಲ ಸಾಕು.

ಕೊನೆಗೆ ಪ್ರಶ್ನೆಗಳಿದ್ದವು. ಒಬ್ಬ ಹುಡುಗ ‘ಸರ್, ವಿಡಿಯೋ ಮಾಡಿ ಹಾಕಿದ್ರೆ ಇಷ್ಟೆಲ್ಲ ತಾಪತ್ರಯ ಯಾಕೆ?’ ಅಂದ. ವಿಡಿಯೋ ಒಳ್ಳೆಯ ಸಾಕ್ಷಿ, ಬೇಡ ಅನ್ನೋದಿಲ್ಲ. ಆದರೆ ಕ್ಯಾಮೆರಾ ಯಾರ ಮುಖದ ಕಡೆ ಇದೆ ನೋಡಿಕೋ. ಬೈಸಿಕೊಳ್ಳುತ್ತಿರುವ ಹೆಂಗಸಿನ ಮುಖ ಊರೆಲ್ಲ ಓಡಾಡಿದರೆ ಆಕೆಗೆ ಎರಡು ಸಲ ಅವಮಾನ. ಮೊದಲು ಆಕೆಯ ಪಕ್ಕ ಹೋಗಿ ನಿಲ್ಲು. ವಿಡಿಯೋ ಇದ್ದರೆ ಆಕೆಯನ್ನು ಕೇಳಿ ಕಳಿಸು, ದೂರಿನ ಜೊತೆ ಕಳಿಸು.

ಹಿಂದಿನ ಸಾಲಿನ ಹುಡುಗಿಯೊಬ್ಬಳು ಚೀಟಿಯಲ್ಲಿ ಬರೆದು ಕಳಿಸಿದ ಪ್ರಶ್ನೆ ಇನ್ನೂ ದೊಡ್ಡದಿತ್ತು. ‘ನನ್ನ ಗೆಳತಿಗೆ 16 ವರ್ಷ. ಮನೆಯಲ್ಲೇ ಮದುವೆ ಗೊತ್ತು ಮಾಡಿದ್ದಾರೆ. ಆಕೆ ಬೇಡ ಅಂದಿದ್ದಾಳೆ, ಯಾರೂ ಕೇಳುತ್ತಿಲ್ಲ. ನಾನು ಹೇಳಿದರೆ ನನ್ನ ಹೆಸರು ಬರುತ್ತದಾ?’

ಅದಕ್ಕೆ ನಾನು ಹೇಳಿದ್ದು ಇಷ್ಟು. 1098ಕ್ಕೆ ಫೋನ್ ಮಾಡವ್ವಾ, ಅದು ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ರೊಕ್ಕ ಬೀಳೋದಿಲ್ಲ. ನನ್ನ ಹೆಸರು ಎಲ್ಲೂ ಬರಬಾರದು ಅಂತ ಮೊದಲೇ ಹೇಳು, ಗುಟ್ಟಾಗಿ ಇಡುತ್ತಾರೆ. ಹುಡುಗಿಯ ಊರು, ವಯಸ್ಸು, ಯಾವ ಶಾಲೆಯಲ್ಲಿ ಓದಿದಳು, ಮದುವೆ ಯಾವತ್ತು, ಎಲ್ಲಿ, ಮನೆಯಲ್ಲಾ ಗುಡಿಯಲ್ಲಾ, ಇಷ್ಟು ಗೊತ್ತಿದ್ದರೆ ಸಾಕು. ಶಾಲೆಯ ದಾಖಲೆಯಲ್ಲಿ ಹುಟ್ಟಿದ ತಾರೀಖು ಇರುತ್ತದೆ, ಅದಕ್ಕೇ ಶಾಲೆ ಯಾವುದು ಅಂತ ಹೇಳೋದು ಮುಖ್ಯ. ಬಾಲ್ಯವಿವಾಹದ ಕಾಯಿದೆ 2006ರದ್ದು, ಕರ್ನಾಟಕದಲ್ಲಿ ಅದನ್ನು ಇನ್ನೂ ಬಿಗಿ ಮಾಡಿದ್ದಾರೆ, ಇಲ್ಲಿ ಅಂಥ ಮದುವೆ ನಡೆದರೂ ಮದುವೆ ಅಂತ ಲೆಕ್ಕಕ್ಕೇ ಬರೋದಿಲ್ಲ. ಅಂಗನವಾಡಿ ಟೀಚರಿಗೂ ಹೇಳಬಹುದು, ಆದರೆ ಅವರೂ ಅದೇ ಊರಲ್ಲಿ ಬಾಳಬೇಕಾದವರು, ಒಮ್ಮೊಮ್ಮೆ ಹಿಂಜರಿಯುತ್ತಾರೆ, ಅದಕ್ಕೇ ಮೊದಲು 1098. ಮದುವೆ ಹಿಂದಿನ ದಿನ ಮಾಡಬೇಡ, ಇವತ್ತೇ ಮಾಡು. ನಿನ್ನ ಫೋನಿನಿಂದ ಮಾಡೋಕೆ ಹೆದರಿಕೆ ಆದರೆ ಇಲ್ಲೇ ಮೇಡಂ ಇದ್ದಾರೆ, ಅವರ ಫೋನ್ ತಗೋ.